ಕುದಿಯುವ ಕೆಸರು ಮಹಾಸ್ಫೋಟದ ಮುನ್ಸೂಚನೆಯೇ? ಯೆಲ್ಲೋಸ್ಟೋನ್ ವಿಡಿಯೋಗಳ ಹಿಂದಿನ ಸತ್ಯ

ಬೂದು ಬಣ್ಣದ ಕೆಸರು ಗಂಜಿಯಂತೆ ಕೊತಕೊತ ಕುದಿಯುತ್ತಿದೆ. ಸ್ವಲ್ಪ ದೂರದಲ್ಲಿ ನೀಲಿ, ಹಳದಿ, ಕಿತ್ತಳೆ ಬಣ್ಣದ ಕೊಳದಿಂದ ಹಬೆ ಏಳುತ್ತಿದೆ. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಇಂಥ ವಿಡಿಯೋ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಇವುಗಳ ಜೊತೆ ಬರುವ ಸಂದೇಶಗಳಲ್ಲಿ ಎರಡು ಬಗೆ. ಒಂದು ಹೆದರಿಸುತ್ತದೆ: ಮಹಾ ಜ್ವಾಲಾಮುಖಿ ಸಿಡಿಯುವ ಕಾಲ ಬಂದಿದೆ. ಇನ್ನೊಂದು ಆಸೆ ಹುಟ್ಟಿಸುತ್ತದೆ: ಇಂಥ ನೀರಿನಲ್ಲಿ ಮಿಂದರೆ, ಕೆಸರು ಹಚ್ಚಿಕೊಂಡರೆ ಚರ್ಮರೋಗ ಮಾಯ.

ಎರಡೂ ದಾರಿ ತಪ್ಪಿಸುತ್ತವೆ. ಅದರಲ್ಲೂ ಎರಡನೆಯದನ್ನು ನಂಬಿದರೆ ಜೀವಕ್ಕೇ ಅಪಾಯ.

ಕೆಸರು ಕುದಿಯುವುದೇಕೆ?

ಯೆಲ್ಲೋಸ್ಟೋನ್‌ನ ನೆಲದಡಿಯಲ್ಲಿ, ಕೆಲವು ಕಿಲೋಮೀಟರ್ ಆಳದಲ್ಲಿ, ಶಿಲಾಪಾಕವಿದೆ. ಮಳೆ ಮತ್ತು ಹಿಮದ ನೀರು ಬಿರುಕುಗಳಲ್ಲಿ ಕೆಳಗಿಳಿದು, ಅಲ್ಲಿನ ಬಿಸಿ ಬಂಡೆಗಳಿಂದ ಕಾದು ಮತ್ತೆ ಮೇಲೇರುತ್ತದೆ. ನೀರು ಧಾರಾಳವಾಗಿದ್ದರೆ ಅದು ಬಿಸಿನೀರಿನ ಬುಗ್ಗೆ. ದಾರಿ ಕಿರಿದಾಗಿ ಒತ್ತಡ ಹೆಚ್ಚಿದರೆ ಚಿಮ್ಮುವ ಗೀಸರ್. ಉದ್ಯಾನದಲ್ಲಿ ಇಂಥ ಬುಗ್ಗೆ, ಗೀಸರ್, ಹಬೆಕಂಡಿ, ಕೆಸರು ಕೊಳಗಳೆಲ್ಲ ಸೇರಿ 10,000ಕ್ಕೂ ಹೆಚ್ಚಿವೆ.

ನೀರು ಕಡಿಮೆ ಇದ್ದಲ್ಲಿ ಕೆಸರು ಕೊಳ ಹುಟ್ಟುತ್ತದೆ. ಕೆಳಗಿನಿಂದ ಬರುವ ಹೈಡ್ರೋಜನ್ ಸಲ್ಫೈಡ್‌ಗೆ ಕೊಳೆತ ಮೊಟ್ಟೆಯ ವಾಸನೆ. ಕೆಲವು ಸೂಕ್ಷ್ಮಜೀವಿಗಳು ಇದನ್ನು ಬಳಸಿ ಗಂಧಕಾಮ್ಲ ಉಂಟುಮಾಡುತ್ತವೆ. ಆ ಆಮ್ಲ ಬಂಡೆಯನ್ನೇ ಕರಗಿಸಿ ಜೇಡಿಮಣ್ಣು ಮಾಡುತ್ತದೆ. ಅದರ ಮೂಲಕ ಹಬೆ, ಅನಿಲ ಹೊರಬರುವಾಗ ಏಳುವ ಗುಳ್ಳೆಗಳೇ ನಾವು ವಿಡಿಯೋದಲ್ಲಿ ನೋಡುವ ‘ಕುದಿತ’. ಹಿಮ ಕರಗಿದಾಗ ಕೆಸರು ತೆಳುವಾಗುತ್ತದೆ, ಬೇಸಿಗೆಯ ಕೊನೆಗೆ ಗಟ್ಟಿಯಾಗುತ್ತದೆ. ಹೀಗಾಗಿ ಕೆಸರಿನ ರೂಪ ಬದಲಾದ ಮಾತ್ರಕ್ಕೆ ಜ್ವಾಲಾಮುಖಿ ಎಚ್ಚರಗೊಂಡಿದೆ ಎಂದಲ್ಲ.

ಸಿಡಿಯುವ ಗಡುವು ಮೀರಿದೆಯೇ?

ಇಲ್ಲ. ಇಲ್ಲಿ ಮೂರು ದೊಡ್ಡ ಸ್ಫೋಟಗಳಾಗಿವೆ: ಸುಮಾರು 21 ಲಕ್ಷ, 13 ಲಕ್ಷ ಮತ್ತು 6.4 ಲಕ್ಷ ವರ್ಷಗಳ ಹಿಂದೆ. ನಡುವಿನ ಅಂತರ ಸುಮಾರು 8 ಲಕ್ಷ ಮತ್ತು 6.6 ಲಕ್ಷ ವರ್ಷ. ಕೊನೆಯದಾಗಿ ಕಳೆದಿರುವುದು 6.4 ಲಕ್ಷ ವರ್ಷ. ಲೆಕ್ಕ ಹಾಕಿದರೂ ಗಡುವು ಮೀರಿಲ್ಲ. ಅದಕ್ಕಿಂತ ಮುಖ್ಯವಾಗಿ, ಜ್ವಾಲಾಮುಖಿ ಬಸ್ಸಿನ ವೇಳಾಪಟ್ಟಿಯಂತೆ ನಡೆಯುವುದಿಲ್ಲ. ಮಹಾಸ್ಫೋಟದ ಸಾಧ್ಯತೆ ವರ್ಷಕ್ಕೆ ಸುಮಾರು 7.3 ಲಕ್ಷದಲ್ಲಿ ಒಂದು ಎಂಬುದು ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆಯ ಅಂದಾಜು.

2014ರಲ್ಲಿ ಕಾಡೆಮ್ಮೆಯಂಥ ಬೈಸನ್‌ಗಳು ರಸ್ತೆಯಲ್ಲಿ ಓಡುವ ವಿಡಿಯೋ ಜಗತ್ತಿನಾದ್ಯಂತ ಹರಿದಾಡಿತು. ಸ್ಫೋಟಕ್ಕೆ ಹೆದರಿ ಉದ್ಯಾನ ಬಿಟ್ಟು ಓಡುತ್ತಿವೆ ಎಂಬ ಒಕ್ಕಣೆ ಅದಕ್ಕಿತ್ತು. ಅವು ಓಡುತ್ತಿದ್ದದ್ದು ಉದ್ಯಾನದ ಒಳಭಾಗದ ಕಡೆಗೆ!

2024ರ ಜುಲೈ 23ರಂದು ಬಿಸ್ಕೆಟ್ ಬೇಸಿನ್‌ನಲ್ಲಿ ಕಲ್ಲು, ಕೆಸರು ಆಕಾಶಕ್ಕೆ ಚಿಮ್ಮಿ ಪ್ರವಾಸಿಗರು ಓಡಿದ ವಿಡಿಯೋ ಮಾತ್ರ ನಿಜ. ಆದರೆ ಅದು ಜ್ವಾಲಾಮುಖಿ ಸ್ಫೋಟವಲ್ಲ. ನೆಲದಡಿಯ ಬಿಸಿನೀರು ಒಮ್ಮೆಲೇ ಹಬೆಯಾಗಿ ಸಿಡಿದದ್ದು. ಶಿಲಾಪಾಕ ಮೇಲೆ ಬಂದಿರಲಿಲ್ಲ, ಅದೃಷ್ಟವಶಾತ್ ಯಾರಿಗೂ ಗಾಯವಾಗಲಿಲ್ಲ.

ಆ ಬಣ್ಣಗಳು ಫೋಟೋಶಾಪ್ ಅಲ್ಲ

ಇಲ್ಲಿನ ‘ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್’ ಬುಗ್ಗೆ ಸುಮಾರು 110 ಮೀಟರ್ ಅಗಲವಿದೆ. ಅದರ ಅಂಚಿನ ಹಳದಿ, ಕಿತ್ತಳೆ, ಕಂದು ಬಣ್ಣಗಳು ಬಿಸಿಯನ್ನು ತಾಳಿಕೊಳ್ಳುವ ಸೂಕ್ಷ್ಮಜೀವಿಗಳವು. ಬಿಸಿಲಿನಿಂದ ಆಹಾರ ತಯಾರಿಸುವ ಇಂಥ ಜೀವಿಗಳು ಸುಮಾರು 73 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಲ್ಲಿ ಬದುಕಲಾರವು. ಆದ್ದರಿಂದ ನಡುವೆ ಬಣ್ಣದ ಪೊರೆಯಿಲ್ಲ, ಬರೀ ತಿಳಿನೀಲಿ. ಅಂದರೆ ಇಳಿಯಬೇಕೆನಿಸುವಷ್ಟು ಚೆಂದ ಕಾಣುವ ಜಾಗವೇ ಅತಿ ಬಿಸಿ.

ಈ ಜೀವಿಗಳಿಗೂ ನಮಗೂ ಒಂದು ನಂಟಿದೆ. 1960ರ ದಶಕದಲ್ಲಿ ಥಾಮಸ್ ಬ್ರಾಕ್ ಮತ್ತು ಹಡ್ಸನ್ ಫ್ರೀಜ್ ಇಲ್ಲಿನ ಬುಗ್ಗೆಯಲ್ಲಿ ‘ಥರ್ಮಸ್ ಅಕ್ವಾಟಿಕಸ್’ ಎಂಬ ಬ್ಯಾಕ್ಟೀರಿಯಾ ಪತ್ತೆಮಾಡಿದರು. ಬಿಸಿಗೆ ಕೆಡದ ಅದರ ಕಿಣ್ವದಿಂದಲೇ ಪಿಸಿಆರ್ ತಂತ್ರ ಸುಲಭವಾಯಿತು. ಕೊರೊನಾ ಕಾಲದಲ್ಲಿ ನಾವೆಲ್ಲ ಮಾಡಿಸಿಕೊಂಡ ಆರ್‌ಟಿ-ಪಿಸಿಆರ್ ಪರೀಕ್ಷೆಯ ಬೇರು ಅಲ್ಲಿದೆ.

ಸ್ನಾನ ಮಾಡಿದರೆ ಏನಾಗುತ್ತದೆ?

ಯೆಲ್ಲೋಸ್ಟೋನ್ ಎತ್ತರದ ಪ್ರದೇಶವಾದ್ದರಿಂದ ಅಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುತ್ತದೆ. ಹಲವು ಕೊಳಗಳು ಹೆಚ್ಚುಕಡಿಮೆ ಅಷ್ಟೇ ಬಿಸಿ. ಅಲ್ಲಿ ಬುಗ್ಗೆಗಳಿಗೆ ಇಳಿಯುವುದು ಕಾನೂನುಬಾಹಿರ. ಇದುವರೆಗೆ 20ಕ್ಕೂ ಹೆಚ್ಚು ಮಂದಿ ಸುಟ್ಟಗಾಯಗಳಿಂದ ಸತ್ತಿದ್ದಾರೆ. 1981ರಲ್ಲಿ ಯುವಕನೊಬ್ಬ ಕೊಳಕ್ಕೆ ಹಾರಿದ ನಾಯಿಯನ್ನು ಉಳಿಸಲು ಹಾರಿ ಪ್ರಾಣ ಕಳೆದುಕೊಂಡ. 2016ರಲ್ಲಿ ಇನ್ನೊಬ್ಬ ಯುವಕ ಮೀಯಲು ಜಾಗ ಹುಡುಕುತ್ತಾ ಮರದ ಕಾಲುದಾರಿ ಬಿಟ್ಟು ಹೋಗಿ ಆಮ್ಲೀಯ ಕೊಳಕ್ಕೆ ಜಾರಿಬಿದ್ದ. ಮೈಯನ್ನು ಹೊರತೆಗೆಯಲೂ ಆಗಲಿಲ್ಲ. ಗಟ್ಟಿಯಾಗಿ ಕಾಣುವ ನೆಲವೂ ಅಲ್ಲಿ ಕೆಲವೆಡೆ ತೆಳು ಪದರ ಮಾತ್ರ. ಅದರಡಿ ಕುದಿನೀರು.

ಗಂಧಕವಿರುವ ಮುಲಾಮನ್ನು ಚರ್ಮವೈದ್ಯರು ಕಜ್ಜಿ, ಮೊಡವೆಗಳಿಗೆ ಕೊಡುವುದು ನಿಜ. ಅದು ಅಳತೆಯ ಔಷಧ. ಬಂಡೆ ಕರಗಿಸುವ ಆಮ್ಲದ ಕೆಸರು ಔಷಧವಲ್ಲ.

ನಮ್ಮ ಊರಿನ ಬಿಸಿನೀರು?

ಬಿಸಿನೀರಿನ ಬುಗ್ಗೆ ಇದ್ದಲ್ಲೆಲ್ಲ ಜ್ವಾಲಾಮುಖಿ ಇರಬೇಕೆಂದಿಲ್ಲ. ಭೂಮಿಯ ಆಳಕ್ಕೆ ಇಳಿದಂತೆ ಪ್ರತಿ ಕಿಲೋಮೀಟರಿಗೆ ಸುಮಾರು 25–30 ಡಿಗ್ರಿ ಬಿಸಿ ಏರುತ್ತದೆ. ಆಳಕ್ಕಿಳಿದ ನೀರು ಬೇಗ ಮೇಲೆ ಬಂದರೆ ಬಿಸಿಯಾಗಿಯೇ ಬರುತ್ತದೆ. ಅನ್ನ ಬೇಯಿಸುವಷ್ಟು ಬಿಸಿಯಾದ ಹಿಮಾಚಲದ ಮಣಿಕರಣ್ ಬುಗ್ಗೆಯ ಕೆಳಗಾಗಲಿ, ನಮ್ಮ ಪುತ್ತೂರು ತಾಲ್ಲೂಕಿನ ಇರ್ದೆಯ ಬೆಂದ್ರ್ ತೀರ್ಥದ ಕೆಳಗಾಗಲಿ ಜ್ವಾಲಾಮುಖಿ ಇಲ್ಲ.

ಸ್ನಾನಕ್ಕೆ ಅನುಮತಿಯಿರುವ ಬುಗ್ಗೆಗಳಲ್ಲೂ ತಲೆ ಮುಳುಗಿಸಬೇಡಿ. ಬೆಚ್ಚಗಿನ ಸಿಹಿನೀರಿನಲ್ಲಿ ‘ನೇಗ್ಲೇರಿಯಾ’ ಎಂಬ ಅಮೀಬಾ ಇರಬಹುದು. ಮೂಗಿನ ಮೂಲಕ ಮಿದುಳಿಗೆ ಹೋದರೆ ಬದುಕುಳಿಯುವವರು ವಿರಳ. ಹೃದ್ರೋಗವಿದ್ದವರು, ಗರ್ಭಿಣಿಯರು ಬಿಸಿನೀರಿಗೆ ಇಳಿಯುವ ಮುನ್ನ ವೈದ್ಯರನ್ನು ಕೇಳಿ.

ಫಾರ್ವರ್ಡ್ ಮಾಡುವ ಮುನ್ನ

ಯೆಲ್ಲೋಸ್ಟೋನ್ ವಿಡಿಯೋ ನೋಡಿ ಬೆರಗಾಗಿ, ಹಂಚಿಕೊಳ್ಳಿ. ಜೊತೆಗಿರುವ ಒಕ್ಕಣೆಯನ್ನು ಮಾತ್ರ ಅಳಿಸಿಬಿಡಿ. ಅಲ್ಲಿ ಜನ ಸತ್ತಿರುವುದು ಮಹಾಸ್ಫೋಟದಿಂದಲ್ಲ, ಕುದಿಯುವ ಕೊಳಗಳಿಗೆ ಬಿದ್ದು. ಮನೆಯವರು ಯಾರಾದರೂ ಇಂಥ ಜಾಗಕ್ಕೆ ಹೊರಟಿದ್ದರೆ ಈ ಒಂದು ಸಾಲು ಕಳುಹಿಸಿ: ಕಾಲುದಾರಿ ಬಿಟ್ಟು ಇಳಿಯಬೇಡಿ, ಮಕ್ಕಳ ಕೈ ಬಿಡಬೇಡಿ.