ಕರ್ನಾಟಕದಲ್ಲಿ ದ್ಯುತಿವಿಜ್ಞಾನ ಮತ್ತು ಫೋಟಾನಿಕ್ಸ್ ಸಂಶೋಧನೆ

ಬೆಳಕಿನ ಸ್ವರೂಪ, ವಸ್ತುವಿನೊಂದಿಗೆ ಅದರ ವರ್ತನೆ, ಅದರಿಂದ ಮಾಹಿತಿಯನ್ನು ಪಡೆಯುವ ಮತ್ತು ಸಾಗಿಸುವ ವಿಧಾನಗಳ ಕುರಿತು ಕರ್ನಾಟಕದಲ್ಲಿ, ಹೆಚ್ಚಾಗಿ ಬೆಂಗಳೂರು ಮತ್ತು ಮೈಸೂರುಗಳಲ್ಲಿ, 1930ರ ದಶಕದಿಂದ ನಡೆದುಬಂದಿರುವ ಸಂಶೋಧನೆ. ಧ್ವನಿತರಂಗಗಳಿಂದ ಬೆಳಕಿನ ವಿವರ್ತನೆ, ಧ್ರುವೀಕೃತ ಬೆಳಕಿನ ಜ್ಯಾಮಿತೀಯ ಪ್ರಾವಸ್ಥೆ, ತಟ್ಟೆಯಾಕಾರದ ಅಣುಗಳ ದ್ರವಸ್ಫಟಿಕ ಇವು ಇಲ್ಲಿಂದ ಜಗತ್ತಿಗೆ ಸಂದ ಮೂರು ಮುಖ್ಯ ಕೊಡುಗೆಗಳು. ಮೂರೂ ಮೊದಲು ಪ್ರಕಟವಾದದ್ದು ಬೆಂಗಳೂರಿನಿಂದ ಹೊರಡುವ ಪತ್ರಿಕೆಗಳಲ್ಲೇ.

ಆರಂಭ

ಸಿ.ವಿ. ರಾಮನ್ ತಮ್ಮ ಹೆಸರಿನ ಪರಿಣಾಮವನ್ನು ಕಂಡುಕೊಂಡದ್ದು ಕಲ್ಕತ್ತೆಯಲ್ಲಿ, 1928ರ ಫೆಬ್ರವರಿ 28ರಂದು. ಅದರ ವಿಸ್ತೃತ ನಿರೂಪಣೆಯನ್ನು ಅವರು ನೀಡಿದ್ದು ಬೆಂಗಳೂರಿನಲ್ಲಿ, ಅದೇ ವರ್ಷದ ಮಾರ್ಚ್ 16ರಂದು, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ. 1930ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ರಾಮನ್ 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು. ಆ ಸ್ಥಾನಕ್ಕೆ ಬಂದ ಮೊದಲ ಭಾರತೀಯರು ಅವರು. ಸಂಸ್ಥೆಯಲ್ಲಿ ಭೌತವಿಜ್ಞಾನ ವಿಭಾಗ ಶುರುವಾದದ್ದೂ ಆಗಲೇ. 1934ರಲ್ಲಿ ಅವರು ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ಅಕಾಡೆಮಿಯ 'ಪ್ರೊಸೀಡಿಂಗ್ಸ್' ಮುಂದಿನ ಹಲವು ದಶಕ ಇಲ್ಲಿನ ದ್ಯುತಿ ಸಂಶೋಧನೆಯ ಮುಖ್ಯ ವೇದಿಕೆಯಾಯಿತು.

ರಾಮನ್–ನಾಥ್ ಸಿದ್ಧಾಂತ

ದ್ರವವೊಂದರಲ್ಲಿ ಶ್ರವಣಾತೀತ ಧ್ವನಿ ಹಾಯುವಾಗ ಅದರ ಸಾಂದ್ರತೆ ಪದರ ಪದರವಾಗಿ ಏರಿಳಿಯುತ್ತದೆ. ಆ ದ್ರವದ ಮೂಲಕ ಸಾಗುವ ಬೆಳಕು ಹಲವು ಕಿರಣಗಳಾಗಿ ಒಡೆಯುವುದನ್ನು 1932ರಲ್ಲಿ ಅಮೆರಿಕದಲ್ಲಿ ಡಿಬೈ ಮತ್ತು ಸಿಯರ್ಸ್, ಫ್ರಾನ್ಸಿನಲ್ಲಿ ಲ್ಯೂಕಾ ಮತ್ತು ಬಿಕಾರ್ ಪ್ರಯೋಗದಲ್ಲಿ ಕಂಡಿದ್ದರು. ಅಷ್ಟೊಂದು ಕಿರಣಗಳು ಏಕೆ ಮೂಡುತ್ತವೆ, ಅವುಗಳ ಪ್ರಖರತೆ ಹೀಗೇಕೆ ಹಂಚಿಕೆಯಾಗುತ್ತದೆ ಎಂಬುದಕ್ಕೆ ತೃಪ್ತಿಕರ ವಿವರಣೆ ದೊರೆತಿರಲಿಲ್ಲ. ರಾಮನ್ ಮತ್ತು ಎನ್.ಎಸ್. ನಾಗೇಂದ್ರನಾಥ್ 1935–36ರಲ್ಲಿ ಬರೆದ ಲೇಖನಮಾಲೆ ಅದನ್ನು ಒದಗಿಸಿತು. ಧ್ವನಿಯಿಂದಾಗಿ ದ್ರವದ ವಕ್ರೀಭವನಾಂಕ ಅಲೆಅಲೆಯಾಗಿ ಬದಲಾಗುತ್ತದೆ. ಬೆಳಕಿನ ತರಂಗಮುಖವೂ ಅದಕ್ಕೆ ತಕ್ಕಂತೆ ಸುಕ್ಕುಗಟ್ಟುತ್ತದೆ. ಆ ಸುಕ್ಕಿನಿಂದಲೇ ಕಿರಣಗಳು ಕವಲೊಡೆಯುತ್ತವೆ ಎಂದು ಅವರು ತೋರಿಸಿ, ಪ್ರತಿ ಕಿರಣದ ಪ್ರಖರತೆಯನ್ನು ಬೆಸೆಲ್ ಫಲನಗಳ ವರ್ಗಗಳಾಗಿ ಲೆಕ್ಕ ಹಾಕಿದರು. 1960ರಲ್ಲಿ ಲೇಸರ್ ಬಂದ ಮೇಲೆ ಲೇಸರ್ ಕಿರಣವನ್ನು ಧ್ವನಿಯಿಂದ ತಿರುಗಿಸುವ, ಅದರ ಪ್ರಖರತೆಯನ್ನು ಹೆಚ್ಚುಕಡಿಮೆ ಮಾಡುವ ಸಾಧನಗಳು ಬಳಕೆಗೆ ಬಂದವು. ಅವುಗಳ ಎರಡು ಕಾರ್ಯವಿಧಾನಗಳಲ್ಲಿ ಒಂದನ್ನು ಇಂದಿಗೂ ರಾಮನ್–ನಾಥ್ ವಿಧಾನವೆಂದೇ ಕರೆಯುತ್ತಾರೆ.

ಪಂಚರತ್ನಂ ಪ್ರಾವಸ್ಥೆ

ಸಿ.ವಿ. ರಾಮನ್ ಬೆಂಗಳೂರಿನಲ್ಲಿ ಕಟ್ಟಿದ, 1948ರಲ್ಲಿ ಕೆಲಸ ಆರಂಭಿಸಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಹರಳುಗಳ ಬಣ್ಣ ಮತ್ತು ಧ್ರುವೀಕರಣಗಳ ಅಧ್ಯಯನಕ್ಕೆ ಮೊದಲ ಸ್ಥಾನವಿತ್ತು. ಎಸ್. ಪಂಚರತ್ನಂ (1934–1969) ಅಲ್ಲಿಯ ತರುಣ ಸಂಶೋಧಕ, ರಾಮನ್ನರ ಬಂಧು. ಬೆಳಕನ್ನು ಹೀರುವ ಹರಳುಗಳಲ್ಲಿ ಕಾಣುವ ವ್ಯತಿಕರಣ ಚಿತ್ರಗಳನ್ನು ವಿವರಿಸಲು ಹೊರಟಾಗ ಅವರಿಗೆ ಮೂಲಭೂತವಾದ ಪ್ರಶ್ನೆಯೊಂದು ಎದುರಾಯಿತು: ಬೇರೆ ಬೇರೆ ರೀತಿ ಧ್ರುವೀಕರಣಗೊಂಡ ಎರಡು ಕಿರಣಗಳ ಪ್ರಾವಸ್ಥೆ ಒಂದೇ ಎಂದು ಹೇಳುವುದು ಹೇಗೆ? ಎರಡೂ ಕೂಡಿದಾಗ ಪ್ರಖರತೆ ಗರಿಷ್ಠವಾದರೆ ಅವು ಸಮಪ್ರಾವಸ್ಥೆಯಲ್ಲಿವೆ ಎಂಬುದು ಅವರು ಮುಂದಿಟ್ಟ ನಿಯಮ. ಈ ನಿಯಮದ ಪ್ರಕಾರ ಮೊದಲನೆಯ ಕಿರಣ ಎರಡನೆಯದರೊಂದಿಗೆ, ಎರಡನೆಯದು ಮೂರನೆಯದರೊಂದಿಗೆ ಹೊಂದಿಕೊಂಡಿದ್ದರೂ ಮೂರನೆಯದು ಮೊದಲನೆಯದರೊಂದಿಗೆ ಹೊಂದಬೇಕಾಗಿಲ್ಲ. ಧ್ರುವೀಕರಣದ ಸ್ಥಿತಿಗಳನ್ನು ಪ್ವಾಂಕರೆ ಗೋಳದ ಮೇಲೆ ಬಿಂದುಗಳಾಗಿ ಗುರುತಿಸಿದರೆ, ಉಳಿಯುವ ವ್ಯತ್ಯಾಸ ಆ ಮೂರು ಬಿಂದುಗಳ ತ್ರಿಕೋನ ಗೋಳದ ಕೇಂದ್ರದಲ್ಲಿ ಮಾಡುವ ಘನಕೋನದ ಅರ್ಧದಷ್ಟು. 1956ರಲ್ಲಿ ಈ ಲೇಖನ ಅಕಾಡೆಮಿಯ 'ಪ್ರೊಸೀಡಿಂಗ್ಸ್'ನಲ್ಲಿ ಅಚ್ಚಾದಾಗ ಪಂಚರತ್ನಂ ಅವರಿಗೆ 22 ವರ್ಷ. ಮುಂದೆ ಅವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕೆಲಕಾಲ ಪಾಠ ಹೇಳಿ ಆಕ್ಸ್‌ಫರ್ಡಿಗೆ ಹೋದರು. 35ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಸುಮಾರು ಮೂರು ದಶಕ ಈ ಲೇಖನ ಹೆಚ್ಚಿನವರ ಗಮನಕ್ಕೆ ಬರಲಿಲ್ಲ. 1984ರಲ್ಲಿ ಬ್ರಿಟನ್ನಿನ ಮೈಕೆಲ್ ಬೆರ್ರಿ ಕ್ವಾಂಟಂ ವ್ಯವಸ್ಥೆಗಳಲ್ಲಿ ಜ್ಯಾಮಿತೀಯ ಪ್ರಾವಸ್ಥೆಯನ್ನು ಪ್ರತಿಪಾದಿಸಿದರು. ಅದರ ಪೂರ್ವರೂಪ ಪಂಚರತ್ನಂ ಅವರ ಬರಹದಲ್ಲಿದೆ ಎಂದು ಎಸ್. ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ 1986ರ 'ಕರೆಂಟ್ ಸೈನ್ಸ್'ನಲ್ಲಿ ತೋರಿಸಿಕೊಟ್ಟರು. ಬೆರ್ರಿ ಮರುವರ್ಷವೇ ಇದನ್ನು ಒಪ್ಪಿ ಬರೆದರು. 1988ರಲ್ಲಿ ರಾಮನ್ ಸಂಸ್ಥೆಯ ರಾಜೇಂದ್ರ ಭಂಡಾರಿ ಮತ್ತು ಜೋಸೆಫ್ ಸ್ಯಾಮ್ಯುಯೆಲ್ ಲೇಸರ್ ವ್ಯತಿಕರಣಮಾಪಕದಲ್ಲಿ ಈ ಪ್ರಾವಸ್ಥೆಯನ್ನು ಪ್ರಯೋಗದಿಂದ ದೃಢಪಡಿಸಿದರು.

ಇಂದಿನ ಚಪ್ಪಟೆ ಮಸೂರಗಳಲ್ಲಿ ಹಲವು ಕೆಲಸ ಮಾಡುವುದು ಇದೇ ತತ್ತ್ವದ ಮೇಲೆ. ಗಾಜಿನ ಮೇಲೆ ಬೆಳಕಿನ ತರಂಗದೂರಕ್ಕಿಂತ ಚಿಕ್ಕದಾದ ರೆಕ್ಕೆಗಳನ್ನು ಸಾಲಾಗಿ ನಿಲ್ಲಿಸಿ ಒಂದೊಂದನ್ನೂ ಬೇರೆ ಬೇರೆ ಕೋನಕ್ಕೆ ತಿರುಗಿಸಿದರೆ, ವೃತ್ತೀಯವಾಗಿ ಧ್ರುವೀಕರಣಗೊಂಡ ಬೆಳಕಿನ ಪ್ರಾವಸ್ಥೆ ಆ ಕೋನದ ಎರಡು ಪಟ್ಟು ಸರಿಯುತ್ತದೆ. ಹಾರ್ವರ್ಡಿನ ಫೆಡೆರಿಕೊ ಕಪಾಸೊ ತಂಡ 2016ರಲ್ಲಿ ಟೈಟೇನಿಯಂ ಡೈಆಕ್ಸೈಡಿನ ರೆಕ್ಕೆಗಳಿಂದ ಗೋಚರ ಬೆಳಕಿಗೆ ಇಂಥ ಮಸೂರವನ್ನು ತಯಾರಿಸಿತು. ಇದಕ್ಕೆ ಆಧಾರವಾದ ಪರಿಣಾಮಕ್ಕೆ ಈಗ ಪಂಚರತ್ನಂ–ಬೆರ್ರಿ ಪ್ರಾವಸ್ಥೆ ಎಂಬ ಹೆಸರಿದೆ.

ದ್ರವಸ್ಫಟಿಕಗಳು

ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1961ರಿಂದ ಭೌತವಿಜ್ಞಾನ ವಿಭಾಗವನ್ನು ನಡೆಸಿದ ಎಸ್. ಚಂದ್ರಶೇಖರ್ ಅಲ್ಲಿ ದ್ರವಸ್ಫಟಿಕಗಳ ಅಧ್ಯಯನಕ್ಕೆ ತಳಹದಿ ಹಾಕಿದರು. 1971ರಲ್ಲಿ ಅವರು ರಾಮನ್ ಸಂಸ್ಥೆಗೆ ಬಂದು ಪ್ರತ್ಯೇಕ ಪ್ರಯೋಗಾಲಯ ಕಟ್ಟಿದರು. ಕಡ್ಡಿಯಂತೆ ಉದ್ದವಾದ ಅಣುಗಳು ಮಾತ್ರ ದ್ರವಸ್ಫಟಿಕವಾಗಬಲ್ಲವು ಎಂಬುದು ಅಂದಿನ ನಂಬಿಕೆಯಾಗಿತ್ತು. 1977ರಲ್ಲಿ ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಬೆಂಜೀನ್ ಉಂಗುರದ ಸುತ್ತ ಆರು ಸರಪಳಿಗಳಿರುವ ಸಂಯುಕ್ತಗಳನ್ನು ತಯಾರಿಸಿ, ತಟ್ಟೆಯಾಕಾರದ ಆ ಅಣುಗಳು ನಾಣ್ಯಗಳನ್ನು ಪೇರಿಸಿದಂತೆ ಕಂಬಗಳಾಗಿ ನಿಲ್ಲುವುದನ್ನು ಎಕ್ಸ್-ಕಿರಣಗಳಿಂದ ತೋರಿಸಿದರು. 'ಪ್ರಮಾಣ' ಪತ್ರಿಕೆಯಲ್ಲಿ ಬಂದ ಆ ಲೇಖನ ಡಿಸ್ಕಾಟಿಕ್ ದ್ರವಸ್ಫಟಿಕ ಎಂಬ ಹೊಸ ಶಾಖೆಯನ್ನೇ ತೆರೆಯಿತು. ಬದಿಯಿಂದ ನೋಡಿದರೆ ಎಲ್‌ಸಿಡಿ ಪರದೆಯ ಚಿತ್ರ ಮಂಕಾಗುತ್ತಿದ್ದ ತೊಂದರೆಗೆ 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಕಂಪನಿ ಕಂಡುಕೊಂಡ ಪರಿಹಾರವೂ ಡಿಸ್ಕಾಟಿಕ್ ಅಣುಗಳ ತೆಳು ಹಾಳೆಯೇ. 1991ರಲ್ಲಿ ಚಂದ್ರಶೇಖರ್ ಜಾಲಹಳ್ಳಿಯಲ್ಲಿ ಆರಂಭಿಸಿದ ದ್ರವಸ್ಫಟಿಕ ಸಂಶೋಧನಾ ಕೇಂದ್ರ ಇಂದು ನ್ಯಾನೊ ಮತ್ತು ಮೃದುವಸ್ತು ವಿಜ್ಞಾನಗಳ ಕೇಂದ್ರವಾಗಿ ಬೆಳೆದಿದೆ.

ಬಾಹ್ಯಾಕಾಶದ ದ್ಯುತಿ ಉಪಕರಣಗಳು

ಇಸ್ರೊದ ಬೆಂಗಳೂರಿನ ವಿದ್ಯುದ್ದ್ಯುತಿ ವ್ಯವಸ್ಥೆಗಳ ಪ್ರಯೋಗಾಲಯ 2008ರ ಚಂದ್ರಯಾನ-1ಕ್ಕೆ ಚಂದ್ರನ ನೆಲದ ಎತ್ತರ ಅಳೆಯುವ ಲೇಸರ್ ಉಪಕರಣ ಒದಗಿಸಿತು. ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯ ಮುಂದಾಳತ್ವದಲ್ಲಿ ರೂಪುಗೊಂಡ ಅತಿನೇರಳೆ ದೂರದರ್ಶಕ 2015ರ ಸೆಪ್ಟೆಂಬರ್ 28ರಂದು ಆಸ್ಟ್ರೊಸ್ಯಾಟ್ ಉಪಗ್ರಹದೊಂದಿಗೆ ಕಕ್ಷೆ ಸೇರಿತು. ಸೂರ್ಯನ ಬಿಂಬವನ್ನು ಮರೆಮಾಡಿ ಪ್ರಭಾವಲಯವನ್ನು ನೋಡುವ ಉಪಕರಣವನ್ನು ಇದೇ ಸಂಸ್ಥೆ ತನ್ನ ಹೊಸಕೋಟೆ ಆವರಣದಲ್ಲಿ ಸಿದ್ಧಪಡಿಸಿತು. 2023ರ ಸೆಪ್ಟೆಂಬರ್ 2ರಂದು ಹೊರಟ ಆದಿತ್ಯ-ಎಲ್1 ನೌಕೆಯಲ್ಲಿ ಅದು 2024ರ ಜನವರಿ 6ರಂದು ಗೊತ್ತುಪಡಿಸಿದ ನೆಲೆ ತಲುಪಿತು.

ಇತ್ತೀಚಿನ ಬೆಳವಣಿಗೆಗಳು

ರಾಮನ್ ಪರಿಣಾಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈಗಲೂ ದಿನಬಳಕೆಯ ಸಾಧನ. ಗ್ರಾಫೀನ್ ಟ್ರಾನ್ಸಿಸ್ಟರ್‌ನಲ್ಲಿ ವಿದ್ಯುದಂಶದ ಪ್ರಮಾಣ ಬದಲಾಗುವುದನ್ನು ರಾಮನ್ ರೋಹಿತದಿಂದಲೇ ಅಳೆಯಬಹುದೆಂದು ಎ.ಕೆ. ಸೂದ್ ತಂಡ 2008ರಲ್ಲಿ ತೋರಿಸಿತು. ಶಿವ ಉಮಾಪತಿ ತಂಡ ಪೊಟ್ಟಣದೊಳಗೆ ಅಡಗಿದ ರಾಸಾಯನಿಕವನ್ನು ಹೊರಗಿನಿಂದಲೇ ಗುರುತಿಸುವ ಬಹುಕೋನ ರಾಮನ್ ವಿಧಾನವನ್ನು ರೂಪಿಸಿತು. 2024ರಲ್ಲಿ ವರುಣ್ ರಘುನಾಥನ್ ತಂಡ ಗ್ಯಾಲಿಯಂ ಸೆಲೆನೈಡಿನ ತೆಳುಪದರವುಳ್ಳ ಕನ್ನಡಿಯಿಂದ 1550 ನ್ಯಾನೊಮೀಟರಿನ ಅವಕೆಂಪು ಬೆಳಕನ್ನು 622 ನ್ಯಾನೊಮೀಟರಿನ ಕೆಂಪು ಬೆಳಕಾಗಿ ಪರಿವರ್ತಿಸಿತು. ದುಬಾರಿ ಅವಕೆಂಪು ಕ್ಯಾಮೆರಾ ಇಲ್ಲದೆ ಸಾಮಾನ್ಯ ಸಿಲಿಕಾನ್ ಸಂವೇದಕದಲ್ಲಿಯೇ ಅವಕೆಂಪು ಚಿತ್ರ ಪಡೆಯುವ ದಾರಿ ಇದು.

ಕ್ವಾಂಟಂ ಸಂವಹನದಲ್ಲಿ ರಾಮನ್ ಸಂಸ್ಥೆಯ ಉರ್ಬಸಿ ಸಿನ್ಹಾ ಅವರ ಪ್ರಯೋಗಾಲಯ ಇಸ್ರೊ ಸಹಯೋಗದೊಂದಿಗೆ ದುಡಿಯುತ್ತಿದೆ. ಕದ್ದಾಲಿಸಿದರೆ ಗೊತ್ತಾಗುವಂಥ ಗೂಢಲಿಪಿಯ ಕೀಲಿಯನ್ನು ಬೆಳಕಿನ ಕಣಗಳ ಮೂಲಕ ಹಂಚುವುದು ಇಲ್ಲಿಯ ಗುರಿ. 2021ರಲ್ಲಿ ಎರಡು ಕಟ್ಟಡಗಳ ನಡುವೆ ತೆರೆದ ಗಾಳಿಯಲ್ಲಿ, 2023ರಲ್ಲಿ ನಿಂತ ಮೂಲದಿಂದ ಚಲಿಸುವ ಗ್ರಾಹಕಕ್ಕೆ ಇದನ್ನು ಸಾಧಿಸಲಾಯಿತು. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ 6003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಂ ಅಭಿಯಾನಕ್ಕೆ ಒಪ್ಪಿಗೆ ಕೊಟ್ಟಿತು. ಅದರ ಕ್ವಾಂಟಂ ಗಣನೆಯ ಕೇಂದ್ರ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ.

ರಾಜಧಾನಿಯ ಆಚೆ ಮಣಿಪಾಲದಲ್ಲಿ ಲೇಸರ್ ರೋಹಿತದರ್ಶನವನ್ನು ಕ್ಯಾನ್ಸರ್ ಪತ್ತೆಗೆ ಬಳಸುವ ಕೆಲಸ ಬೆಳೆದಿದೆ.

ಮೌಲ್ಯಮಾಪನ

ಕರ್ನಾಟಕದ ದ್ಯುತಿ ಸಂಶೋಧನೆಯ ಬಲ ಹಿಂದಿನಿಂದಲೂ ತತ್ತ್ವದಲ್ಲಿ, ಹರಳು ಮತ್ತು ಧ್ರುವೀಕರಣಗಳ ಸೂಕ್ಷ್ಮ ಪರಿಶೀಲನೆಯಲ್ಲಿತ್ತು. ಆ ತತ್ತ್ವಗಳನ್ನು ಸಾಧನಗಳಾಗಿಸುವ ಶುದ್ಧಕೋಣೆ ಮತ್ತು ಉದ್ಯಮ ಆಗ ಇಲ್ಲಿ ಇರಲಿಲ್ಲ. ಹೀಗಾಗಿ ಪಂಚರತ್ನಂ ಪ್ರಾವಸ್ಥೆ ಅಮೆರಿಕದಲ್ಲಿ ಮಸೂರವಾಯಿತು, ಡಿಸ್ಕಾಟಿಕ್ ಅಣು ಜಪಾನಿನಲ್ಲಿ ಹಾಳೆಯಾಯಿತು. ಈ ಕೊರತೆಯನ್ನು ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ತಯಾರಿಕಾ ಸೌಲಭ್ಯ ಮತ್ತು ಬಾಹ್ಯಾಕಾಶದ ಉಪಕರಣಗಳು ಕಳೆದ ಎರಡು ದಶಕಗಳಲ್ಲಿ ಸ್ವಲ್ಪಮಟ್ಟಿಗೆ ತುಂಬಿವೆ. ಆದರೆ ಪ್ರಯೋಗಾಲಯದಿಂದ ಕಾರ್ಖಾನೆಗೆ ಸಾಗುವ ಹಾದಿ ಇನ್ನೂ ಕಿರಿದಾಗಿಯೇ ಇದೆ.