ಡಾಲ್ಡಾ ಜಾಹೀರಾತು: ಬೆಳ್ಳಿತೆರೆಯಿಂದ ಅಡುಗೆಮನೆಗೆ

ಅಡುಗೆ ಪದಾರ್ಥವೊಂದನ್ನು ಸಿನಿಮಾ ಮೂಲಕ ಮನೆಮನೆಗೆ ತಲುಪಿಸಿದ ಭಾರತದ ಆರಂಭದ ಪ್ರಯತ್ನಗಳಲ್ಲಿ ಡಾಲ್ಡಾ ವನಸ್ಪತಿಯ ಪ್ರಚಾರ ಪ್ರಮುಖವಾದುದು. ಕನ್ನಡ, ಮರಾಠಿ, ತೆಲುಗು, ತಮಿಳು ಯಾವ ಭಾಷೆಯ ಮನೆಯಾದರೂ ಸರಿ, ವನಸ್ಪತಿ ಎಂದರೆ ಡಾಲ್ಡಾ ಎನ್ನುವಷ್ಟು ಈ ಹೆಸರು ಬಳಕೆಗೆ ಬಂದಿತು.

ಹೆಸರಿನ ಹಿನ್ನೆಲೆ
ವಿದೇಶದಿಂದ ಬರುತ್ತಿದ್ದ 'ದಾದಾ' ಎಂಬ ವನಸ್ಪತಿಯ ಹೆಸರಿನ ನಡುವೆ ಲಿವರ್ ಕಂಪನಿಯ 'ಎಲ್' ಅಕ್ಷರ ಸೇರಿ 'ಡಾಲ್ಡಾ' ಆಯಿತು. 1937ರಲ್ಲಿ ಇದು ಮಾರುಕಟ್ಟೆಗೆ ಬಂತು.

1939ರ ಪ್ರಚಾರ
ತುಪ್ಪಕ್ಕೆ ತುಪ್ಪವೇ ಸಾಟಿ ಎಂಬುದು ಗೃಹಿಣಿಯರ ನಂಬಿಕೆಯಾಗಿತ್ತು. ಅದನ್ನು ಬದಲಿಸುವ ಕೆಲಸ ಲಿಂಟಾಸ್ ಜಾಹೀರಾತು ಸಂಸ್ಥೆಯ ಪಾಲಿಗೆ ಬಂತು. ಚಿತ್ರಮಂದಿರಗಳಲ್ಲಿ ಕಿರುಚಿತ್ರ ತೋರಿಸಲಾಯಿತು. ಡಬ್ಬದ ಆಕಾರದ ವ್ಯಾನುಗಳು ಬೀದಿಗಳಲ್ಲಿ ಸುತ್ತಿದವು. ಓದು ಬಲ್ಲವರಿಗೆ ಕರಪತ್ರ ಹಂಚಲಾಯಿತು. ಮಳಿಗೆಗಳಲ್ಲಿ ಜನ ಮುಟ್ಟಿ, ಮೂಸಿ, ರುಚಿ ನೋಡಬಹುದಿತ್ತು. ಮನೆಗೆ ದುಂಡು ಡಬ್ಬ, ಹೋಟೆಲಿಗೆ ಚೌಕದ ಡಬ್ಬ. ಖಾಲಿಯಾದ ಹಳದಿ ಡಬ್ಬಗಳು ಕಾಳು ತುಂಬಲು, ತುಳಸಿ ನೆಡಲು ಒದಗಿದವು.

ಜಾಹೀರಾತು ಹೇಳದ ವಿಷಯ
ಎಣ್ಣೆಗೆ ನಿಕಲ್ ಸಮ್ಮುಖದಲ್ಲಿ ಜಲಜನಕ ಹಾಯಿಸಿದಾಗ ಅದು ತುಪ್ಪದಂತೆ ಗಟ್ಟಿಯಾಗುತ್ತದೆ. ಹೀಗಾಗಿ ತುಪ್ಪದಲ್ಲಿ ಕಲಬೆರಕೆ ಮಾಡುವುದು ಸುಲಭವಾಯಿತು. ಇದನ್ನು ಪತ್ತೆ ಹಚ್ಚಲೆಂದೇ ವನಸ್ಪತಿಗೆ ಶೇ. 5ರಷ್ಟು ಎಳ್ಳೆಣ್ಣೆ ಸೇರಿಸುವುದನ್ನು ಕಡ್ಡಾಯ ಮಾಡಲಾಯಿತು. ಎಳ್ಳೆಣ್ಣೆ ಇದ್ದರೆ ಬೊದೂಯಿನ್ ಪರೀಕ್ಷೆಯಲ್ಲಿ ಕೆಂಪು ಬಣ್ಣ ಬರುತ್ತದೆ.

ಇನ್ನೂ ದೊಡ್ಡ ಸಮಸ್ಯೆ ತಡವಾಗಿ ತಿಳಿಯಿತು. ಎಣ್ಣೆಯನ್ನು ಹೀಗೆ ಅರೆಬರೆ ಗಟ್ಟಿ ಮಾಡುವಾಗ ಹುಟ್ಟುವ ಟ್ರಾನ್ಸ್ ಕೊಬ್ಬು ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲ್ ಹೆಚ್ಚಿಸಿ, ಒಳ್ಳೆಯದನ್ನು ತಗ್ಗಿಸುತ್ತದೆ, ಹೃದ್ರೋಗಕ್ಕೆ ದಾರಿಯಾಗುತ್ತದೆ.

ಟಿ.ವಿ. ಕಾಲ
1976ರಲ್ಲಿ ದೂರದರ್ಶನದಲ್ಲಿ ಜಾಹೀರಾತು ಶುರುವಾಯಿತು. ಮುಂದೆ ರಿಫೈನ್ಡ್ ಎಣ್ಣೆಗಳು ಡಾಲ್ಡಾದ ಜಾಗ ಹಿಡಿದವು. ಮುನಿಸಿಕೊಂಡು ಮನೆ ಬಿಟ್ಟ ಪುಟ್ಟ ಹುಡುಗ ಜಿಲೇಬಿಯ ಹೆಸರು ಕೇಳಿ ಹಿಂತಿರುಗುವ 1996ರ 'ಧಾರಾ' ಜಾಹೀರಾತು ಹಲವರಿಗೆ ನೆನಪಿರಬಹುದು. 2003ರಲ್ಲಿ ಡಾಲ್ಡಾ ಬ್ರ್ಯಾಂಡ್ ಬಂಗೆ ಕಂಪನಿಗೆ ಮಾರಾಟವಾಯಿತು.

ಗ್ರಾಹಕರ ಗಮನಕ್ಕೆ
ಎಣ್ಣೆ, ವನಸ್ಪತಿಗಳಲ್ಲಿ ಟ್ರಾನ್ಸ್ ಕೊಬ್ಬಿನ ಮಿತಿಯನ್ನು 2021ರಲ್ಲಿ ಶೇ. 3ಕ್ಕೆ, 2022ರ ಜನವರಿಯಿಂದ ಶೇ. 2ಕ್ಕೆ ಇಳಿಸಲಾಗಿದೆ. ಬಿಡಿಯಾಗಿ ಮಾರುವ ಸಿಹಿತಿಂಡಿ, ಖಾರಾ, ಬಿಸ್ಕತ್ತಿಗೆ ಚೀಟಿ ಇರುವುದಿಲ್ಲ. ಯಾವುದರಲ್ಲಿ ಕರಿದದ್ದು ಎಂದು ಅಂಗಡಿಯವರನ್ನು ಕೇಳುವುದೇ ಲೇಸು. ಪೊಟ್ಟಣದ ತಿನಿಸಾದರೆ ಟ್ರಾನ್ಸ್ ಕೊಬ್ಬಿನ ಪ್ರಮಾಣವನ್ನು ಅದರ ಮೇಲೆಯೇ ಓದಿಕೊಳ್ಳಬಹುದು.