ಬಂದೂಕಿಗಿಂತ ತೋಟಾ ದೊಡ್ಡದು

ಅಣ್ಣಿಗೇರಿ ಅಂದ್ರೆ ನಮಗೆ ಪಂಪ ನೆನಪಾಗ್ತಾನೆ, ಅಮೃತೇಶ್ವರ ಗುಡಿ ನೆನಪಾಗುತ್ತೆ. ಆದರೆ ಅದೇ ಎರೆಮಣ್ಣಿನ ಸೀಮೆಯಲ್ಲಿ ನವಲಗುಂದ ದಾಟಿದರೆ ನರಗುಂದದ ಗುಡ್ಡ ಎದ್ದು ನಿಲ್ಲುತ್ತೆ. 1858ರ ಮೇ ಕೊನೆಗೆ ನರಗುಂದದ ಬಾಬಾಸಾಹೇಬ ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನ ತಲೆ ತೆಗೆಸಿದ. ಜೂನ್‌ನಲ್ಲಿ ಬೆಳಗಾವಿಯಲ್ಲಿ ಅವನಿಗೆ ಗಲ್ಲಾಯಿತು. ಅದಕ್ಕೂ ಆರು ತಿಂಗಳು ಮೊದಲು, ಮುಧೋಳದ ಹತ್ತಿರದ ಹಲಗಲಿಯಲ್ಲಿ ಬೇಡರು ‘ಹತಾರ ಕೊಡೋದಿಲ್ಲ’ ಅಂತ ನಿಂತರು. ಊರು ಸುಟ್ಟಿತು, 19 ಜನರನ್ನು ನೇಣಿಗೆ ಹಾಕಿದರು.

ಇದು ನಿಮಗೆ ಗೊತ್ತಿರೋ ಕಥೆ. ನನ್ನ ಪ್ರಶ್ನೆ ಬೇರೆ. ಅಂದು ಒಂದು ಹಳ್ಳಿಯ ಹತಾರ ಕಸಿಯೋಕೆ ಸೈನ್ಯವೇ ಬರಬೇಕಾಯ್ತು. ಆಮೇಲೆ ಯಾಕೆ ಅಷ್ಟು ಕಷ್ಟ ಬೀಳಲಿಲ್ಲ? ಕಾನೂನು ಒಂದು ಉತ್ತರ. ಇನ್ನೊಂದು ಉತ್ತರ ಬಂದೂಕಿನೊಳಗೇ ಇದೆ.

1857ರ ಕಿಡಿ ಯಾವುದು? 1853ರ ಮಾದರಿಯ ಎನ್‌ಫೀಲ್ಡ್. ಅದರ ಕಾಗದದ ತೋಟಾವನ್ನು ಹಲ್ಲಿನಿಂದ ಕಚ್ಚಿ, ಮದ್ದನ್ನು ನಳಿಗೆಯ ಬಾಯಿಗೆ ಸುರಿದು, ಗುಂಡನ್ನು ಗಜದಿಂದ ಜಡಿದು, ಕೇಪು ಇಟ್ಟು ಹೊಡೆಯಬೇಕು. ತೋಟಾಕ್ಕೆ ದನ, ಹಂದಿಯ ಕೊಬ್ಬು ಸವರಿದ್ದಾರೆ ಅನ್ನೋ ಸುದ್ದಿ ಸಾಕಾಯ್ತು.

1864ರಲ್ಲಿ ಡೆನ್ಮಾರ್ಕ್ ವಿರುದ್ಧ ಪ್ರಷ್ಯಾದವರು ಹಿಂದಿನಿಂದ ತುಂಬುವ ಬಂದೂಕು ಹಿಡಿದು ಗೆದ್ದರು. ಲಂಡನ್ ಬೆಚ್ಚಿತು. ಹೊಸ ಬಂದೂಕು ಮಾಡಿಸೋಕೆ ಖರ್ಚು ಜಾಸ್ತಿ, ಗೋದಾಮಿನಲ್ಲಿ ಎನ್‌ಫೀಲ್ಡ್‌ಗಳ ರಾಶಿ. ಜೇಕಬ್ ಸ್ನೈಡರ್ ಅನ್ನೋ ಅಮೆರಿಕನ್ ದಾರಿ ತೋರಿಸಿದ: ನಳಿಗೆಯ ಹಿಂತುದಿಯಲ್ಲಿ ಸುಮಾರು 2.5 ಇಂಚು ಕತ್ತರಿಸಿ, ಬಲಕ್ಕೆ ತೆರೆಯುವ ಬಾಗಿಲು ಕೂರಿಸಿ. 1866ರಲ್ಲಿ ಸೈನ್ಯ ಒಪ್ಪಿಕೊಂಡಿತು. ಆ ವರ್ಷವೇ ಸ್ನೈಡರ್ ತೀರಿಕೊಂಡ. ಹಿತ್ತಾಳೆ ತಗಡಿನ ತೋಟಾ ಬಂತು. ಮದ್ದು, ಗುಂಡು, ಕೇಪು ಎಲ್ಲ ಅದರೊಳಗೇ. ನಿಮಿಷಕ್ಕೆ ಮೂರು ಗುಂಡು ಹಾರಿಸುತ್ತಿದ್ದ ಬಂದೂಕು ಹತ್ತು ಹಾರಿಸತೊಡಗಿತು. ಕಚ್ಚುವ ಪ್ರಶ್ನೆಯೇ ಇಲ್ಲ.

ಆದರೆ ಸಿಪಾಯಿಗೆ ಅದು ತಕ್ಷಣ ಸಿಗಲಿಲ್ಲ. 1857ರ ಪಾಠ ಕಲಿತಿದ್ದ ಬ್ರಿಟಿಷರು ಭಾರತೀಯ ಪಡೆಗಳನ್ನು ಒಂದು ಮೆಟ್ಟಿಲು ಕೆಳಗೇ ಇಟ್ಟರು. 1878ರಿಂದ 1880ರ ಆಫ್ಘನ್ ಯುದ್ಧದಲ್ಲಿ ಗೋರಾ ಸೈನಿಕನ ಕೈಯಲ್ಲಿ ಹೊಸ ಮಾರ್ಟಿನಿ-ಹೆನ್ರಿ, ನಮ್ಮ ಸಿಪಾಯಿಯ ಕೈಯಲ್ಲಿ ಹಳೇ ಸ್ನೈಡರ್. ಒಂದೇ ರಣರಂಗ, ಒಂದೇ ಸಾವು, ಬಂದೂಕು ಮಾತ್ರ ಬೇರೆ!

ಈಗ ಹಳ್ಳಿಗೆ ಬನ್ನಿ. ಹಳೇ ಬಂದೂಕಿನ ಮದ್ದನ್ನು ಊರಲ್ಲೇ ಅರೆಯಬಹುದಿತ್ತು, ಸೀಸ ಕಾಸಿ ಗುಂಡು ಎರೆಯಬಹುದಿತ್ತು. ಹಿತ್ತಾಳೆ ತೋಟಾ ಹಾಗಲ್ಲ. ಅದಕ್ಕೆ ಕಾರ್ಖಾನೆ ಬೇಕು. ಅಂಥ ಮದ್ದುಗುಂಡಿನ ಕಾರ್ಖಾನೆಯನ್ನು ಬ್ರಿಟಿಷರು 1869ರಲ್ಲಿ ಪುಣೆ ಹತ್ತಿರದ ಖಡಕಿಯಲ್ಲಿ ತೆರೆದರು. 1878ರಲ್ಲಿ ಶಸ್ತ್ರಾಸ್ತ್ರ ಕಾಯ್ದೆ ತಂದು, ಭಾರತೀಯನಿಗೆ ಲೈಸೆನ್ಸ್ ಕಡ್ಡಾಯ ಮಾಡಿ, ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟರು. ಇನ್ನು ಬಂದೂಕು ಕಸಿಯೋ ಅಗತ್ಯ ಎಲ್ಲಿ? ತೋಟಾ ಕೊಡದಿದ್ದರೆ ಅದು ಬರೀ ಕೋಲು.

ಹಲಗಲಿಯ ಲಾವಣಿಯನ್ನು ನಮ್ಮ ಮಕ್ಕಳು ಪಾಠದಲ್ಲಿ ಓದ್ತಾರೆ, ಒಳ್ಳೇದು. ಜೊತೆಗೆ ಇದನ್ನೂ ಹೇಳಿಕೊಡಿ ಅಂತೀನಿ ನಾನು. ಬೇಡರು ಕೊಡಲ್ಲ ಅಂದಿದ್ದು ಕಬ್ಬಿಣದ ತುಂಡನ್ನಲ್ಲ. ಯಾರ ಮುಂದೂ ಕೈ ಚಾಚದೆ ತಮ್ಮ ಊರನ್ನು ತಾವೇ ಕಾಯುವ ಶಕ್ತಿಯನ್ನು. ಆ ಶಕ್ತಿಯನ್ನು ಕಾಯ್ದೆ ಅರ್ಧ ಕಿತ್ತುಕೊಂಡಿತು, ಹಿತ್ತಾಳೆ ತೋಟಾ ಉಳಿದರ್ಧ.